ಹೊಳೆಯ ನೀರು ಹೇಗಿದೆ ಅಂತ ತಿಳಿಯಲು ಯಾವ ಪರೀಕ್ಷೆ ಆರಿಸಬೇಕು? ಪಟ್ಟಿ, ಕಿಟ್, ಮೀಟರ್, ಲ್ಯಾಬ್ ಮತ್ತು ನೀರಿನ ಹುಳುಗಳು

ಹತ್ತಿರದ ಹೊಳೆಯ ನೀರು ಹೇಗಿದೆ ಅಂತ ತಿಳಿಯಬೇಕು ಅನ್ನಿಸಿದಾಗ ಹೆಚ್ಚಿನವರ ಕೈಗೆ ಮೊದಲು ಬರುವುದು ಟಿಡಿಎಸ್ ಮೀಟರ್. ಪೆನ್ನಿನ ಗಾತ್ರದ ಸಾಧನ. ನೀರಿಗೆ ಅದ್ದಿದ ಕೂಡಲೇ ಅಂಕಿ ಬರುತ್ತದೆ. 150 ಬಂದರೆ ಸಮಾಧಾನ, 600 ಬಂದರೆ ಗಾಬರಿ. ನಿಜ ಹೇಳಬೇಕೆಂದರೆ, ಬರೀ ಆ ಅಂಕಿ ನೋಡಿ ಸಮಾಧಾನಪಡಲೂ ಆಗದು, ಗಾಬರಿಯಾಗಲೂ ಕಾರಣ ಇಲ್ಲ.

ಟಿಡಿಎಸ್ ಮೀಟರ್ ಅಳೆಯುವುದು ನೀರಿನಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವುದನ್ನು ಮಾತ್ರ. ಅದನ್ನು 0.5ರಿಂದ 0.7ರ ನಡುವಿನ ಒಂದು ಸಂಖ್ಯೆಯಿಂದ ಗುಣಿಸಿ, ಕರಗಿರುವ ಉಪ್ಪಿನಂಶ ಇಷ್ಟಿರಬಹುದು ಅಂತ ಅಂದಾಜು ತೋರಿಸುತ್ತದೆ. ಚರಂಡಿಯಿಂದ ಬಂದ ಬ್ಯಾಕ್ಟೀರಿಯಾ ಅದಕ್ಕೆ ಕಾಣುವುದಿಲ್ಲ. ಕೀಟನಾಶಕವೂ ಕಾಣುವುದಿಲ್ಲ. ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಲೀಟರಿಗೆ 0.01 ಮಿಲಿಗ್ರಾಂ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಮಿತಿಯ ನೂರು ಪಟ್ಟು ಆರ್ಸೆನಿಕ್ ಇದ್ದರೂ ಈ ಮೀಟರಿನ ಅಂಕಿ ಒಂದೋ ಎರಡೋ ಏರಿದರೆ ಹೆಚ್ಚು. ಬಂಡೆಯ ಮೇಲೆ ಹರಿದು ಬಂದ ಒಳ್ಳೆಯ ನೀರಲ್ಲಿ ಕಡಿಮೆ, ಸುಣ್ಣದ ಕಲ್ಲಿನ ನೆಲದಿಂದ ಬಂದ ಅಷ್ಟೇ ಒಳ್ಳೆಯ ನೀರಲ್ಲಿ ಜಾಸ್ತಿ ತೋರಿಸುತ್ತದೆ.

ಹಾಗಂತ ಅದನ್ನು ಎಸೆಯಬೇಕಿಲ್ಲ. ಅದಕ್ಕೂ ಒಂದು ಒಳ್ಳೆಯ ಕೆಲಸ ಇದೆ, ಮುಂದೆ ಹೇಳುತ್ತೇನೆ. ಮೊದಲು ಕೇಳಿಕೊಳ್ಳಬೇಕಾದದ್ದು ಬೇರೆ: ನಿಮಗೆ ಈ ನೀರಿನ ಬಗ್ಗೆ ಏನು ಗೊತ್ತಾಗಬೇಕು? ಕುಡಿಯಬಹುದಾ, ಈಜಬಹುದಾ ಅಂತಲಾ? ಹೊಳೆಯಲ್ಲಿ ಜೀವ ಇದೆಯಾ ಅಂತಲಾ? ಕೊಳೆ ಎಲ್ಲಿಂದ ಸೇರುತ್ತಿದೆ ಅಂತಲಾ? ಅಥವಾ ನೀವು ದಂಡೆಯಲ್ಲಿ ಮಾಡಿದ ಕೆಲಸದಿಂದ ಏನಾದರೂ ಸುಧಾರಿಸಿದೆಯಾ ಅಂತಲಾ? ಒಂದೊಂದಕ್ಕೂ ಒಂದೊಂದು ಪರೀಕ್ಷೆ. ಎಲ್ಲದಕ್ಕೂ ಉತ್ತರ ಕೊಡುವ ಸಾಧನ ಇಲ್ಲವೇ ಇಲ್ಲ.

ಕುಡಿಯುವ ವಿಷಯ ಒಂದೇ ಮಾತಲ್ಲಿ ಮುಗಿಸಬಹುದು. ನೇರ ಲ್ಯಾಬಿಗೆ ಹೋಗಿ. ಮನೆಯ ಕಿಟ್ ಒಳ್ಳೆಯ ಫಲಿತಾಂಶ ಕೊಟ್ಟಿತು ಅಂತ ಹೊಳೆ ನೀರನ್ನು ಯಾರಿಗೂ ಕುಡಿಯಲು ಕೊಡಬೇಡಿ.

ಬಣ್ಣದ ಪಟ್ಟಿ, ಹನಿ ಹಾಕುವ ಕಿಟ್, ಮೀಟರ್

ಬಣ್ಣದ ಪಟ್ಟಿಯ ದೊಡ್ಡ ಗುಣ ಅದರ ಸರಳತೆ. ಅದ್ದಿ, ಹೇಳಿದಷ್ಟು ಸೆಕೆಂಡು ಕಾದು, ಡಬ್ಬಿಯ ಮೇಲಿನ ಬಣ್ಣಗಳ ಜೊತೆ ಹೋಲಿಸಿದರೆ ಆಯಿತು. ಮಕ್ಕಳನ್ನು ಹೊಳೆಗೆ ಕರೆದುಕೊಂಡು ಹೋದಾಗ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಪಿಹೆಚ್, ಅಂದರೆ ನೀರು ಎಷ್ಟು ಆಮ್ಲೀಯ ಅನ್ನುವ ಅಳತೆ, ನೋಡಲು ಸಾಕು. ಹೊಳೆಯ ನೀರು ಸಾಮಾನ್ಯವಾಗಿ 6.5ರಿಂದ 8.5ರ ಒಳಗೆ ಇರುತ್ತದೆ. ಪಟ್ಟಿ 4 ತೋರಿಸಿದರೆ ಎಲ್ಲೋ ಆಮ್ಲ ಸೇರಿದೆ ಅಂತ ಕೂಡಲೇ ಗೊತ್ತಾಗುತ್ತದೆ. ಆದರೆ 7.2ಕ್ಕೂ 7.5ಕ್ಕೂ ಇರುವ ವ್ಯತ್ಯಾಸವನ್ನು ಅದರಿಂದ ನಿರೀಕ್ಷಿಸಬೇಡಿ. ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಗಾಳಿಯ ತೇವಕ್ಕೇ ಪಟ್ಟಿ ಕೆಡುತ್ತದೆ.

ಫಾಸ್ಫೇಟಿಗೆ ಮಾತ್ರ ಪಟ್ಟಿ ಬೇಡ ಅಂತಲೇ ಹೇಳುತ್ತೇನೆ. ಹೊಳೆಯಲ್ಲಿ ಪಾಚಿ ಉಕ್ಕಲು ಲೀಟರಿಗೆ 0.1 ಮಿಲಿಗ್ರಾಂ ಫಾಸ್ಫರಸ್ ಇದ್ದರೂ ಸಾಕು. ಬಹಳಷ್ಟು ಪಟ್ಟಿಗಳಲ್ಲಿ ಸೊನ್ನೆಯ ನಂತರದ ಮೊದಲ ಬಣ್ಣವೇ ಅದಕ್ಕಿಂತ ಎಷ್ಟೋ ಮೇಲಿರುತ್ತದೆ. ನೀರು ಹಸಿರುಗಟ್ಟುತ್ತಿದ್ದರೂ ಪಟ್ಟಿ ಸೊನ್ನೆ ಅಂತಲೇ ಹೇಳುತ್ತಿರುತ್ತದೆ.

ನೈಟ್ರೇಟ್ ಅಳೆಯುವವರು ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದಲೇಬೇಕು. ಕೆಲವು ಕಿಟ್‌ಗಳು ಇಡೀ ನೈಟ್ರೇಟಿನ ತೂಕ ಹೇಳುತ್ತವೆ, ಕೆಲವು ಅದರೊಳಗಿನ ನೈಟ್ರೋಜನ್ ತೂಕ ಮಾತ್ರ. ಎರಡರ ನಡುವೆ ಸುಮಾರು 4.4 ಪಟ್ಟು ವ್ಯತ್ಯಾಸ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ನೈಟ್ರೇಟ್ ಲೆಕ್ಕದಲ್ಲಿ ಲೀಟರಿಗೆ 50 ಮಿಲಿಗ್ರಾಂ, ನೈಟ್ರೋಜನ್ ಲೆಕ್ಕದಲ್ಲಿ ಅದೇ ಸುಮಾರು 11. ಇದನ್ನು ಗಮನಿಸದೆ ಇಬ್ಬರು ತಮ್ಮ ಅಂಕಿಗಳನ್ನು ಹೋಲಿಸಿದರೆ ಒಂದೇ ಹೊಳೆಯ ಬಗ್ಗೆ ಸುಮ್ನೆ ಜಗಳವಾಗುತ್ತದೆ.

ಹನಿ ಹಾಕುವ ಕಿಟ್ ಪಟ್ಟಿಗಿಂತ ನಿಧಾನ, ಆದರೆ ಹೆಚ್ಚು ನಂಬಬಹುದು. ಅದರ ನಿಜವಾದ ಬೆಲೆ ಕಾಣುವುದು ಕರಗಿದ ಆಮ್ಲಜನಕ ಅಳೆಯುವಾಗ. ಹಂಗೇರಿಯ ರಸಾಯನಶಾಸ್ತ್ರಜ್ಞ ಲಾಯೋಶ್ ವಿಂಕ್ಲರ್ 1888ರಲ್ಲಿ ಪ್ರಕಟಿಸಿದ ವಿಧಾನವೇ ಈಗಲೂ ಈ ಕಿಟ್‌ಗಳೊಳಗೆ ಇದೆ. ಬಾಟಲಿಯನ್ನು ನೀರೊಳಗೇ ಮುಳುಗಿಸಿ, ಒಂದು ಗುಳ್ಳೆಯೂ ಉಳಿಯದ ಹಾಗೆ ತುಂಬಿ, ಅಲ್ಲೇ ಮುಚ್ಚಳ ಹಾಕಬೇಕು. ಎರಡು ದ್ರಾವಣ ಹಾಕಿ ಅಲುಗಿಸಿದರೆ ಕಂದು ಬಣ್ಣದ ಚೂರುಗಳು ಮೋಡದ ಹಾಗೆ ಎದ್ದು, ಮೆಲ್ಲಗೆ ತಳಕ್ಕೆ ಇಳಿಯುತ್ತವೆ. ಆಮ್ಲಜನಕವೇ ಇಲ್ಲದಿದ್ದರೆ ಆ ಚೂರು ಬೆಳ್ಳಗೇ ಉಳಿಯುತ್ತದೆ. ಕೊಳೆತ ನೀರಿನ ಬಾಟಲಿಯಲ್ಲಿ ಆ ಬಿಳುಪು ನೋಡಿದವರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ. ಆಮೇಲೆ ಆಮ್ಲ ಹಾಕಿದರೆ ಎಲ್ಲ ಕರಗಿ ಹಳದಿ, ಪಿಷ್ಟ ಹಾಕಿದರೆ ಕಡುನೀಲಿ. ಕೊನೆಗೆ ಥಯೋಸಲ್ಫೇಟ್ ಅನ್ನುವ ದ್ರಾವಣವನ್ನು ಹನಿ ಹನಿಯಾಗಿ ಬಿಡುತ್ತಾ, ನೀಲಿ ಮಾಯವಾಗಲು ಎಷ್ಟು ಹಿಡಿಯಿತು ಅಂತ ಲೆಕ್ಕ ಹಾಕಬೇಕು. ಆಮ್ಲಜನಕ ಎಷ್ಟಿತ್ತು ಅಂತ ತಿಳಿಯುವುದು ಅದರಿಂದಲೇ.

ಮೀಟರ್ ಇದೇ ಕೆಲಸವನ್ನು ನಿಮಿಷದೊಳಗೆ ಮಾಡುತ್ತದೆ. ದಿನಕ್ಕೆ ಹತ್ತಾರು ಕಡೆ ಅಳೆಯುವ ತಂಡಕ್ಕೆ ಮೀಟರೇ ಸರಿ. ಕೊಳ್ಳುವುದಾದರೆ ಬೆಳಕಿನಿಂದ ಅಳೆಯುವ ಬಗೆಯದನ್ನು ನೋಡಿ. ದುಬಾರಿ, ಆದರೆ ಪೊರೆ ಇರುವ ಬಗೆಯಷ್ಟು ಆರೈಕೆ ಕೇಳುವುದಿಲ್ಲ. ಪಿಹೆಚ್ ಮೀಟರಿಗೆ ಆರೈಕೆ ತಪ್ಪಿದ್ದಲ್ಲ. ಬಳಸುವ ಮೊದಲು 7ರ ಬಫರ್ ದ್ರಾವಣದಲ್ಲಿ (ಪಿಹೆಚ್ ಮೊದಲೇ ಗೊತ್ತಿರುವ ದ್ರಾವಣ), ಜೊತೆಗೆ 4 ಅಥವಾ 10ರಲ್ಲಿ ಸರಿಹೊಂದಿಸಬೇಕು. ತುದಿಯ ಗಾಜನ್ನು ಒಣಗಲು ಬಿಡಬಾರದು, ಬಟ್ಟಿ ಇಳಿಸಿದ ನೀರಲ್ಲೂ ಇಡಬಾರದು. ಅದಕ್ಕೆಂದೇ ಇರುವ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ ಇಡಬೇಕು. ಇಷ್ಟು ಮಾಡಲು ತಾಳ್ಮೆ ಇಲ್ಲದವರಿಗೆ ಮೀಟರಿಗಿಂತ ಪಟ್ಟಿಯೇ ವಾಸಿ. ಪಟ್ಟಿಯ ಬಣ್ಣ ಒರಟು ಅಂತ ನಮಗೆ ಗೊತ್ತಿರುತ್ತದೆ. ಕೆಟ್ಟ ಮೀಟರ್ ಎರಡು ದಶಾಂಶದ ತನಕ ಖಚಿತವಾಗಿ ತಪ್ಪು ಹೇಳುತ್ತದೆ.

ಆಮ್ಲಜನಕದ ವಿಷಯದಲ್ಲಿ ಇನ್ನೂ ಒಂದು ಮಾತು. ಯಾವ ಸಾಧನ ಅನ್ನುವುದಕ್ಕಿಂತ ಎಷ್ಟು ಹೊತ್ತಿಗೆ ಅಳೆದಿರಿ ಅನ್ನುವುದು ಹೆಚ್ಚು ಮುಖ್ಯ. ಬೆಚ್ಚಗಿನ ನೀರು ಕಡಿಮೆ ಆಮ್ಲಜನಕ ಹಿಡಿದುಕೊಳ್ಳುತ್ತದೆ. ಸಮುದ್ರಮಟ್ಟದಲ್ಲಿ 10 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 11.3 ಮಿಲಿಗ್ರಾಂ, 30 ಡಿಗ್ರಿಯಲ್ಲಿ ಸುಮಾರು 7.6 ಅಷ್ಟೇ. ಅದಕ್ಕೇ ಉಷ್ಣಾಂಶ ಬರೆದುಕೊಳ್ಳದ ಆಮ್ಲಜನಕದ ಅಂಕಿಗೆ ಅರ್ಥ ಇಲ್ಲ. ಪಾಚಿ ತುಂಬಿದ ನೀರಲ್ಲಿ ಮಧ್ಯಾಹ್ನ ಬಿಸಿಲಿಗೆ ಆಮ್ಲಜನಕ ಚೆನ್ನಾಗಿ ಏರುತ್ತದೆ. ರಾತ್ರಿಯಿಡೀ ಅದೇ ಪಾಚಿ ಉಸಿರಾಡಿ ಅದನ್ನು ಖಾಲಿ ಮಾಡುತ್ತದೆ. ಮಧ್ಯಾಹ್ನ 3 ಗಂಟೆಗೆ ಅಳೆದವರು ಹೊಳೆ ಆರೋಗ್ಯವಾಗಿದೆ ಅಂತ ಬರೆದುಕೊಂಡು ಹೋಗುತ್ತಾರೆ, ಬೆಳಗಿನ ಜಾವ ಮೀನು ಮೇಲ್ಮೈಗೆ ಬಂದು ಬಾಯಿ ಬಿಡುತ್ತಿರುತ್ತವೆ. 5 ಮಿಲಿಗ್ರಾಂಗಿಂತ ಕೆಳಗಿಳಿದರೆ ಹಲವು ಮೀನುಗಳಿಗೆ ತೊಂದರೆ ಶುರು. 2ಕ್ಕೆ ಬಂದರೆ ಹೆಚ್ಚಿನವು ಬದುಕುವುದಿಲ್ಲ. ನಿಜ ತಿಳಿಯಬೇಕಾದರೆ ಸೂರ್ಯ ಹುಟ್ಟುವ ಮೊದಲು ಅಳೆಯಿರಿ.

ಬಗ್ಗಡ ನೀರಿಗೆ ಕೊಳವೆ

ನೀರು ಎಷ್ಟು ಬಗ್ಗಡ ಅಂತ ಅಳೆಯುವ ಕೊಳವೆಯನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಪಾರದರ್ಶಕ ಉದ್ದ ಕೊಳವೆ, ತಳದಲ್ಲಿ ಕಪ್ಪುಬಿಳುಪಿನ ಗುರುತು. ನೀರು ಸುರಿಯುತ್ತಾ ಮೇಲಿನಿಂದ ನೋಡಬೇಕು. ಗುರುತು ಕಾಣದಂತಾದಾಗ ನೀರಿನ ಎತ್ತರ ಬರೆದುಕೊಂಡರೆ ಆಯಿತು. ಆಳದ ನೀರಿಗೆ ಇದರ ಅಣ್ಣನಂತಿರುವ ಸೆಕ್ಕಿ ತಟ್ಟೆ ಇದೆ. ಇಟಲಿಯ ಖಗೋಳ ವಿಜ್ಞಾನಿ ಆಂಜೆಲೊ ಸೆಕ್ಕಿ 1865ರಲ್ಲಿ ಮೆಡಿಟರೇನಿಯನ್ ಸಮುದ್ರದಲ್ಲಿ ಬಿಳಿ ತಟ್ಟೆ ಇಳಿಬಿಟ್ಟು ನೀರಿನ ತಿಳಿತನ ಅಳೆದಿದ್ದರು. ಹರಿಯುವ ಹೊಳೆಗೆ ಕೊಳವೆಯೇ ಅನುಕೂಲ. ನೆರಳಲ್ಲಿ ನಿಂತು ನೋಡಿ, ಮಣ್ಣು ತಳ ಸೇರುವ ಮೊದಲು ಓದಿಕೊಳ್ಳಿ.

ಮಣ್ಣು ತಾನೇ, ಅದರಲ್ಲೇನು ಅಂತ ಅನ್ನಿಸಬಹುದು. ಆದರೆ ಸಣ್ಣ ಹೂಳು ಕಲ್ಲುಗಳ ಸಂದಿಯನ್ನು ಮುಚ್ಚುತ್ತದೆ. ಮೀನಿನ ಮೊಟ್ಟೆ ಇರುವುದು, ಹುಳುಗಳು ಬದುಕುವುದು ಆ ಸಂದಿಯಲ್ಲೇ. ಮಳೆ ನಿಂತು ದಿನಗಳಾದರೂ ನೀರು ತಿಳಿಯಾಗದಿದ್ದರೆ ಮೇಲೆಲ್ಲೋ ದಂಡೆ ಕುಸಿಯುತ್ತಿದೆ, ಮರಳು ತೆಗೆಯುತ್ತಿದ್ದಾರೆ ಅಥವಾ ನೆಲ ಬೋಳಾಗಿದೆ.

ಬ್ಯಾಕ್ಟೀರಿಯಾ: ಕಪ್ಪಾಗುವ ಬಾಟಲಿಯೋ, ಲ್ಯಾಬೋ

ಹೈಡ್ರೋಜನ್ ಸಲ್ಫೈಡ್ ಪರೀಕ್ಷೆ ಹಲವರಿಗೆ ಗೊತ್ತು. ಬಾಟಲಿಯೊಳಗಿನ ಔಷಧಿ ಅದ್ದಿದ ಕಾಗದಕ್ಕೆ ನೀರು ತುಂಬಿ, ಬೆಚ್ಚಗೆ ಒಂದೆರಡು ದಿನ ಇಟ್ಟರೆ, ಮಲದ ಸೋಂಕಿರುವ ನೀರು ಕಪ್ಪಾಗುತ್ತದೆ. 1982ರಲ್ಲಿ ಭಾರತದ ವಿಜ್ಞಾನಿಗಳು ಇದನ್ನು ಪ್ರಕಟಿಸಿದರು. ಲ್ಯಾಬ್ ಇಲ್ಲದ ಎಷ್ಟೋ ಊರುಗಳಿಗೆ ಇದು ದೊಡ್ಡ ಉಪಕಾರ. ಆದರೆ ಇದು ಬಾವಿಗೆ, ನಲ್ಲಿಗೆ ಸರಿ. ಹೊಳೆಗೆ ಅಲ್ಲ. ಹೊಳೆಯಲ್ಲಿ ದನ, ಹಕ್ಕಿ, ಕಾಡುಪ್ರಾಣಿಗಳಿಂದ ಒಂದಿಷ್ಟು ಬ್ಯಾಕ್ಟೀರಿಯಾ ಇದ್ದೇ ಇರುತ್ತವೆ, ಮಣ್ಣಿನಲ್ಲಿರುವ ಕೆಲವು ಬ್ಯಾಕ್ಟೀರಿಯಾಗಳೂ ಕಾಗದವನ್ನು ಕಪ್ಪು ಮಾಡುತ್ತವೆ. ಬಾಟಲಿ ಹೆಚ್ಚುಕಡಿಮೆ ಪ್ರತಿಸಲ ಕಪ್ಪಾಗುತ್ತದೆ, ನಿಮಗೆ ಹೊಸದಾಗಿ ಏನೂ ತಿಳಿದಿರುವುದಿಲ್ಲ.

ಹೊಳೆಗೆ ಬೇಕಾದದ್ದು ಎಣಿಕೆ. ಈಜುವ ನೀರಿಗೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2012ರಲ್ಲಿ ಕೊಟ್ಟ ಒಂದು ಮಾನದಂಡದ ಪ್ರಕಾರ 100 ಮಿಲಿಲೀಟರಿನಲ್ಲಿ ಇ. ಕೋಲಿ (ಮಲದಿಂದ ಬರುವ ಒಂದು ಬ್ಯಾಕ್ಟೀರಿಯಾ) ಸರಾಸರಿ 126 ದಾಟಬಾರದು. ಒಂದು ಮಿಲಿಲೀಟರ್ ನೀರು ಹಾಕಿ ಬೆಳೆಸುವ ಒಣ ಪ್ಲೇಟುಗಳು ಸಿಗುತ್ತವೆ. ಅದರಲ್ಲಿ ಕಾಣುವ ಒಂದು ಚುಕ್ಕೆ ಅಂದರೆ 100 ಮಿಲಿಲೀಟರಿಗೆ 100ರ ಲೆಕ್ಕ. ಹಾಗಾಗಿ ಗಡಿಯ ಹತ್ತಿರದ ನೀರನ್ನು ಇವು ಸರಿಯಾಗಿ ಹೇಳಲಾರವು. ಆದರೆ ಯಾವ ಚರಂಡಿಯ ಕೆಳಗೆ ಚುಕ್ಕೆ 2ರಿಂದ 80ಕ್ಕೆ ಏರಿತು ಅಂತ ತೋರಿಸಲು ಇವು ಧಾರಾಳ ಸಾಕು. ಈಜಬಹುದಾ ಅನ್ನುವ ಪ್ರಶ್ನೆಗೆ ಲ್ಯಾಬ್. ಲ್ಯಾಬ್ ಕೊಡುವ ಸೋಂಕಿಲ್ಲದ ಬಾಟಲಿಯಲ್ಲೇ ತುಂಬಿ, ಮಂಜುಗಡ್ಡೆಯಲ್ಲಿಟ್ಟು, ಸಾಧ್ಯವಾದರೆ 6 ಗಂಟೆಯೊಳಗೆ ತಲುಪಿಸಿ. ಬಿಸಿಲಲ್ಲಿ ಗಾಡಿಯೊಳಗೆ ಇಟ್ಟ ಬಾಟಲಿಯ ಫಲಿತಾಂಶ ಹೊಳೆಯದ್ದಲ್ಲ.

ಹುಳುಗಳನ್ನು ಕೇಳಿ ನೋಡಿ

ಒಂದೇ ಒಂದು ಪರೀಕ್ಷೆ ಆರಿಸು ಅಂದರೆ ನಾನು ಆರಿಸುವುದು ಇದನ್ನೇ. ಮೇಲೆ ಹೇಳಿದ ಎಲ್ಲ ಪರೀಕ್ಷೆಗಳೂ ಬಾಟಲಿ ತುಂಬಿದ ಆ ಕ್ಷಣದ ನೀರಿನ ಬಗ್ಗೆ ಮಾತ್ರ ಹೇಳುತ್ತವೆ. ರಾತ್ರಿ ಎರಡು ಗಂಟೆಗೆ ಯಾರಾದರೂ ವಿಷ ಬಿಟ್ಟರೆ ಬೆಳಿಗ್ಗೆ ಹತ್ತಕ್ಕೆ ಆ ನೀರು ಎಷ್ಟೋ ಕಿಲೋಮೀಟರ್ ಮುಂದೆ ಹೋಗಿರುತ್ತದೆ. ಆದರೆ ಕಲ್ಲಿನಡಿಯ ಹುಳು ಅಲ್ಲೇ ಇತ್ತು. ತಿಂಗಳುಗಟ್ಟಲೆ ಅದೇ ನೀರಲ್ಲಿ ಉಸಿರಾಡಿದ ಜೀವ ಅದು. ಅದು ಬದುಕಿದೆಯಾ ಇಲ್ಲವಾ ಅನ್ನುವುದರಲ್ಲಿ ಅಷ್ಟೂ ದಿನದ ನೀರಿನ ಲೆಕ್ಕ ಇದೆ.

ಮಾಡುವ ರೀತಿ ಹೀಗೆ. ಕಲ್ಲುಗಳ ಮೇಲೆ ನೀರು ಕಲಕಲ ಹರಿಯುವ, ಮೊಣಕಾಲಿಗಿಂತ ಕಡಿಮೆ ಆಳದ ಜಾಗ ಹುಡುಕಿ. ಸಣ್ಣ ಕಣ್ಣಿನ ಬಲೆಯನ್ನು ಸೆಳವಿಗೆ ಎದುರಾಗಿ ಹಿಡಿಯಿರಿ. ಬಲೆಯ ಮುಂದೆ ಕಾಲಿನಿಂದ ತಳವನ್ನು ಕೆದಕಿ. ಬ್ರಿಟನ್ನಿನಲ್ಲಿ ಇದಕ್ಕೆ 3 ನಿಮಿಷ ಅಂತ ನಿಗದಿ ಮಾಡಿಕೊಂಡಿದ್ದಾರೆ. ಎಷ್ಟೇ ಹೊತ್ತು ಮಾಡಿ, ಪ್ರತಿಸಲ ಅಷ್ಟೇ ಹೊತ್ತು ಮಾಡಿ. ಬಲೆಯಲ್ಲಿ ಸಿಕ್ಕಿದ್ದನ್ನು ನೀರಿರುವ ಬಿಳಿ ಟ್ರೇಗೆ ಸುರಿಯಿರಿ.

ಮೊದಲು ಎಲೆಚೂರು, ಮರಳು ಬಿಟ್ಟರೆ ಏನೂ ಕಾಣುವುದಿಲ್ಲ. ಒಂದು ನಿಮಿಷ ಸುಮ್ಮನಿರಿ. ಆಮೇಲೆ ಕಸ ಅಂದುಕೊಂಡಿದ್ದು ನಡೆಯಲು ಶುರುಮಾಡುತ್ತದೆ. ಮರಳಿನ ಕಣಗಳನ್ನು ಅಂಟಿಸಿ ಕೊಳವೆ ಕಟ್ಟಿಕೊಂಡು, ಅದನ್ನೇ ಹೊತ್ತು ತಲೆ ಮಾತ್ರ ಹೊರಗೆ ಹಾಕುವುದು ಕ್ಯಾಡಿಸ್ ನೊಣದ ಮರಿ. ಹೊಟ್ಟೆಯ ಎರಡೂ ಬದಿಗೆ ಎಲೆಯಂಥ ಕಿವಿರುಗಳನ್ನು ಪಟಪಟ ಆಡಿಸುವುದು, ಸಾಮಾನ್ಯವಾಗಿ ಮೂರು ಬಾಲದ್ದು, ಮೇಫ್ಲೈ ಮರಿ. ಎರಡೇ ಬಾಲ ಇದ್ದು, ಹೊಟ್ಟೆಯ ಪಕ್ಕ ಅಂಥ ಕಿವಿರು ಇಲ್ಲದಿದ್ದರೆ ಸ್ಟೋನ್‌ಫ್ಲೈ ಇರಬಹುದು. ಈ ಮೂರೂ ಸಿಕ್ಕರೆ ಖುಷಿಪಡಿ. ಇವುಗಳಿಗೆ ಸಾಮಾನ್ಯವಾಗಿ ಆಮ್ಲಜನಕ ಚೆನ್ನಾಗಿರಬೇಕು, ಸ್ಟೋನ್‌ಫ್ಲೈ ಅಂತೂ ಕೊಳೆಯನ್ನು ಸಹಿಸುವುದೇ ಇಲ್ಲ.

ಟ್ರೇ ತುಂಬ ಕೆಂಪು ಹುಳುಗಳೇ ಬಳುಕುತ್ತಿದ್ದರೆ ಕಥೆ ಬೇರೆ. ನಮ್ಮ ರಕ್ತದಲ್ಲಿರುವಂಥ ಹಿಮೋಗ್ಲೋಬಿನ್ ಅವುಗಳಲ್ಲಿದೆ, ಅದರಿಂದಲೇ ಆ ಕೆಂಪು. ಆಮ್ಲಜನಕ ತೀರಾ ಕಡಿಮೆಯಾದ ಕೆಸರಲ್ಲೂ ಅವು ಬದುಕಬಲ್ಲವು. ಒಂದೆರಡು ಕೆಂಪು ಹುಳು ಸಿಕ್ಕರೆ ಚಿಂತೆ ಇಲ್ಲ, ಒಳ್ಳೆಯ ಹೊಳೆಯಲ್ಲೂ ಇರುತ್ತವೆ. ಬೇರೆ ಯಾರೂ ಇಲ್ಲದೆ ಅವು ಮಾತ್ರ ಇದ್ದರೆ ಚಿಂತೆ ಮಾಡಬೇಕು.

ಜೀವಿಗಳನ್ನು ನೋಡಿ ನೀರನ್ನು ಅಳೆಯುವ ಪದ್ಧತಿಯನ್ನು ಜರ್ಮನಿಯ ಕೋಲ್ಕ್‌ವಿಟ್ಸ್ ಮತ್ತು ಮಾರ್ಸನ್ 1908–09ರಲ್ಲೇ ರೂಪಿಸಿದ್ದರು. 1948ರಲ್ಲಿ ಅಮೆರಿಕದ ರೂತ್ ಪ್ಯಾಟ್ರಿಕ್ ಪೆನ್ಸಿಲ್ವೇನಿಯಾದ ಕಾನೆಸ್ಟೋಗ ಹೊಳೆಯಲ್ಲಿ ಒಂದು ಬಗೆಯ ಜೀವಿಯನ್ನಷ್ಟೇ ಅಲ್ಲ, ಅಲ್ಲಿದ್ದ ಇಡೀ ಜೀವಸಮೂಹವನ್ನು ನೋಡಿ ಮಾಲಿನ್ಯ ಗುರುತಿಸಿದರು. ಬ್ರಿಟನ್ನಿನ ಹಳೆಯ ಪದ್ಧತಿಯಲ್ಲಿ ಒಂದೊಂದು ಕುಟುಂಬದ ಹುಳುವಿಗೆ 1ರಿಂದ 10ರ ತನಕ ಅಂಕ ಇತ್ತು. ದಕ್ಷಿಣ ಆಫ್ರಿಕಾದ ಮಿನಿಸಾಸ್ ಪದ್ಧತಿ ಇನ್ನೂ ಸುಲಭ, ಕೇವಲ 13 ಗುಂಪು ಗುರುತಿಸಲು ಬಂದರೆ ಸಾಕು. ಹೊಸದಾಗಿ ಶುರುಮಾಡುವವರು ಇಂಥ ಚಿಕ್ಕ ಪಟ್ಟಿಯಿಂದ ಶುರುಮಾಡುವುದೇ ಒಳ್ಳೆಯದು. ಒಂದು ದೇಶದ ಅಂಕಪಟ್ಟಿಯನ್ನು ಇನ್ನೊಂದು ದೇಶಕ್ಕೆ ಹಾಗೇ ತರಬಾರದು, ಅದು ನೆನಪಿರಲಿ. ಅಲ್ಲಿನ ಹುಳು ಇಲ್ಲಿರುವುದಿಲ್ಲ, ಇದ್ದರೂ ಅದರ ಸಹನೆ ಬೇರೆ.

ಹುಳುಗಳಿಗೂ ಮಿತಿ ಇದೆ. ಏನೋ ಕೆಟ್ಟಿದೆ ಅನ್ನುತ್ತವೆ, ಯಾವ ವಿಷ ಅನ್ನುವುದಿಲ್ಲ. ಪೂರ್ತಿ ಮರಳಿನ ತಳದಲ್ಲಿ ನೀರು ಚೆನ್ನಾಗಿದ್ದರೂ ಹುಳು ಕಡಿಮೆ. ದೊಡ್ಡ ಪ್ರವಾಹ ಬಂದರೆ ಎಲ್ಲ ಕೊಚ್ಚಿ ಹೋಗಿ, ಮತ್ತೆ ಸೇರಲು ವಾರಗಳು ಬೇಕು. ಮೇಫ್ಲೈ ಇದೆ ಅಂತ ನೀರು ಕುಡಿಯಲೂ ಹೋಗಬೇಡಿ. ಮನುಷ್ಯನಿಗೆ ರೋಗ ತರುವ ಸೂಕ್ಷ್ಮಜೀವಿಗಳ ಬಗ್ಗೆ ಅದಕ್ಕೇನೂ ಗೊತ್ತಿಲ್ಲ.

ಎಲ್ಲಿ, ಹೇಗೆ ಅಳೆಯುವುದು

ಟಿಡಿಎಸ್ ಮೀಟರಿನ ಒಳ್ಳೆಯ ಕೆಲಸ ಇಲ್ಲಿದೆ. ಚರಂಡಿ ಅಥವಾ ಕೊಳವೆ ಬಂದು ಸೇರುವ ಜಾಗದ ಮೇಲೊಮ್ಮೆ, ಚೆನ್ನಾಗಿ ಬೆರೆತ ಮೇಲೆ ಕೆಳಗೊಮ್ಮೆ ಅದ್ದಿ. ಮೇಲೆ 140, ಕೆಳಗೆ 310 ಬಂದರೆ ನಡುವೆ ಏನೋ ಸೇರಿದೆ. ಏನು ಅಂತ ಅದು ಹೇಳದಿದ್ದರೂ ಎಲ್ಲಿ ಹುಡುಕಬೇಕು ಅಂತ ಹೇಳಿತು. ಹೀಗೆ ದಂಡೆಯುದ್ದಕ್ಕೂ ನಡೆಯುತ್ತಾ ಹೋದರೆ ಗುಪ್ತ ಕೊಳವೆಗಳೂ ಸಿಗುತ್ತವೆ. ಈ ಕೆಲಸಕ್ಕೆ ಇದಕ್ಕಿಂತ ಅಗ್ಗದ, ವೇಗದ ಸಾಧನ ಇಲ್ಲ.

ಹತ್ತು ಜಾಗದಲ್ಲಿ ಒಂದೊಂದು ಸಲ ಅಳೆಯುವುದಕ್ಕಿಂತ ಎರಡು ಜಾಗದಲ್ಲಿ ವರ್ಷವಿಡೀ ಅಳೆಯುವುದು ಮೇಲು. ನೀರಿನ ಮಟ್ಟ, ಮಳೆ ಬಂದು ಎಷ್ಟು ದಿನವಾಯಿತು, ಗಂಟೆ, ಉಷ್ಣಾಂಶ, ವಾಸನೆ, ನೊರೆ ಎಲ್ಲ ಬರೆದಿಡಿ. ಮಾಲಿನ್ಯ ನಿಯಂತ್ರಣ ಇಲಾಖೆಗಳು ಪ್ರಕಟಿಸುವ ಅಂಕಿಗಳನ್ನೂ ತೆಗೆದು ನೋಡಿ. ಅವು ಹೆಚ್ಚಾಗಿ ದೊಡ್ಡ ನದಿಗಳದ್ದು. ನಿಮ್ಮ ಮನೆಯ ಹಿಂದಿನ ಸಣ್ಣ ಹಳ್ಳದ ಲೆಕ್ಕ ಯಾರ ಬಳಿಯೂ ಇರುವುದಿಲ್ಲ, ಅದಕ್ಕೇ ನಿಮ್ಮ ನೋಟ್‌ಬುಕ್ಕಿಗೆ ಅಷ್ಟು ಬೆಲೆ.

ನೀರಿಗೆ ಒಬ್ಬರೇ ಇಳಿಯಬೇಡಿ. ಸೆಳವು ಜಾಸ್ತಿ ಇದ್ದ ದಿನ ಬಿಟ್ಟುಬಿಡಿ. ಕೈಯಲ್ಲಿ ಗಾಯ ಇದ್ದರೆ ಗ್ಲೌಸ್ ಬೇಕೇ ಬೇಕು, ಇಲಿ ಜ್ವರ ಬರುವುದು ಇಂಥ ನೀರಿನಿಂದಲೇ. ಬಳಸಿದ ರಾಸಾಯನಿಕವನ್ನು ಹೊಳೆಗೆ ಚೆಲ್ಲಬೇಡಿ. ಕೆಲವು ನೈಟ್ರೇಟ್ ಕಿಟ್‌ಗಳಲ್ಲಿ ಕ್ಯಾಡ್ಮಿಯಂ ಇರುತ್ತದೆ. ಒಂದು ಗಟ್ಟಿ ಡಬ್ಬಿಯಲ್ಲಿ ಸೇರಿಸಿ, ಲ್ಯಾಬಿನವರಿಗೆ ಕೊಡಿ.

ಅಂಕಿ ಬಂತು, ಮುಂದೇನು?

ಆರೈಕೆಯ ಕೆಲಸವನ್ನೂ ಹೋಲಿಸಿಯೇ ಆರಿಸಬೇಕು. ಹೊಳೆ ಅಂದ ಕೂಡಲೇ ನಾವು ಪ್ಲಾಸ್ಟಿಕ್ ಹೆಕ್ಕಲು ಇಳಿಯುತ್ತೇವೆ. ಅದು ಬೇಕು, ಖಂಡಿತ ಬೇಕು. ಆದರೆ ಆಮ್ಲಜನಕ ಬೆಳಗಿನ ಜಾವ 2ಕ್ಕೆ ಇಳಿಯುತ್ತಿದ್ದರೆ ಎಷ್ಟು ಚೀಲ ಕಸ ಎತ್ತಿದರೂ ಮೀನು ಬರುವುದಿಲ್ಲ. ಲಂಡನ್ನಿನ ಥೇಮ್ಸ್ ನದಿಯ ಉಬ್ಬರವಿಳಿತದ ಭಾಗವನ್ನು 1957ರಲ್ಲಿ ಜೀವವೇ ಇಲ್ಲದ್ದು ಅಂತ ಹೇಳಿಬಿಟ್ಟಿದ್ದರು. ಈಗ ಅಲ್ಲಿ 100ಕ್ಕೂ ಹೆಚ್ಚು ಜಾತಿಯ ಮೀನುಗಳಿವೆ. ಅದಕ್ಕೆ ಮುಖ್ಯ ಕಾರಣ ಕೊಳಚೆ ಶುದ್ಧೀಕರಣ ಘಟಕಗಳನ್ನು ಸರಿಮಾಡಿದ್ದು.

ಹಾಗಾಗಿ ಆಮ್ಲಜನಕ ಕಡಿಮೆ, ಇ. ಕೋಲಿ ಜಾಸ್ತಿ ಅಂದರೆ ಕೊಳವೆಯ ಮೂಲ ಹುಡುಕಿ ನಿಲ್ಲಿಸುವ ಕೆಲಸ. ಬಗ್ಗಡ ಜಾಸ್ತಿ ಅಂದರೆ ದಂಡೆಗೆ ಹುಲ್ಲು, ಪೊದೆ, ಸ್ಥಳೀಯ ಮರ. ನೈಟ್ರೇಟ್, ಫಾಸ್ಫೇಟ್ ಜಾಸ್ತಿ ಇದ್ದು ಹೊಲಗಳ ನಡುವೆ ಹರಿಯುವ ಹೊಳೆಯಾದರೆ ಗೊಬ್ಬರದ ಅಳತೆ ಮತ್ತು ಹೊಲಕ್ಕೂ ನೀರಿಗೂ ನಡುವೆ ಗಿಡಗಳ ಪಟ್ಟಿ. ರಸಾಯನದ ಅಂಕಿ ಎಲ್ಲ ಚೆನ್ನಾಗಿದ್ದೂ ಹುಳುಗಳು ಇಲ್ಲ ಅಂದರೆ ಎರಡು ಸಾಧ್ಯತೆ. ಆಗೊಮ್ಮೆ ಈಗೊಮ್ಮೆ ಏನೋ ಬಿಡುತ್ತಿದ್ದಾರೆ, ಇಲ್ಲವೇ ಹೊಳೆಯನ್ನು ಅತಿಯಾಗಿ ಸ್ವಚ್ಛ ಮಾಡಿದ್ದಾರೆ. ಬಿದ್ದ ಮರ, ಕೊಂಬೆ, ಎಲೆ, ಕಲ್ಲು ಎಲ್ಲ ಎತ್ತಿ, ದಂಡೆಯ ಗಿಡ ಸವರಿ, ಕಾಂಕ್ರೀಟ್ ಹಾಕಿದ ಹೊಳೆ ನೋಡಲು ಅಚ್ಚುಕಟ್ಟು. ಹುಳುವಿಗೆ ಅಲ್ಲಿ ಮನೆಯೂ ಇಲ್ಲ, ಊಟವೂ ಇಲ್ಲ. ಕೊಂಬೆ, ಎಲೆಗಳನ್ನು ದಯವಿಟ್ಟು ಬಿಟ್ಟುಬಿಡಿ.

ಗುರಿ ಇಟ್ಟುಕೊಳ್ಳುವಾಗಲೂ ಅಂಕಿಗಿಂತ ಜೀವಿಯನ್ನು ಇಟ್ಟುಕೊಳ್ಳುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. 1986ರ ನವೆಂಬರ್ 1ರಂದು ಸ್ವಿಟ್ಜರ್ಲೆಂಡಿನ ಬಾಸೆಲ್ ಹತ್ತಿರ ಸ್ಯಾಂಡೋಜ್ ಕಂಪನಿಯ ಗೋದಾಮಿಗೆ ಬೆಂಕಿ ಬಿತ್ತು. ಆರಿಸಲು ಹಾಕಿದ ನೀರು ಕೀಟನಾಶಕಗಳನ್ನು ಹೊತ್ತು ರೈನ್ ನದಿ ಸೇರಿ, ನೂರಾರು ಕಿಲೋಮೀಟರ್ ಉದ್ದಕ್ಕೂ ಹಾವುಮೀನುಗಳು ಸತ್ತವು. ಮರುವರ್ಷ ರೈನ್ ದಂಡೆಯ ದೇಶಗಳು ಒಂದು ಯೋಜನೆ ಒಪ್ಪಿಕೊಂಡಾಗ ಅದಕ್ಕೆ ಇಟ್ಟುಕೊಂಡ ಗುರಿ ಎಲ್ಲರಿಗೂ ಅರ್ಥವಾಗುವಂಥದ್ದು: 2000ದೊಳಗೆ ಸಾಲ್ಮನ್ ಮೀನು ಈ ನದಿಗೆ ವಾಪಸ್ ಬರಬೇಕು. ಮೀನಿನ ಮರಿಗಳನ್ನೂ ಬಿಟ್ಟರು, ಅಣೆಕಟ್ಟುಗಳಲ್ಲಿ ಮೀನಿಗೆ ದಾರಿಯನ್ನೂ ಮಾಡಿದರು. 1990ರ ದಶಕದಲ್ಲಿ ಸಾಲ್ಮನ್ ಮತ್ತೆ ಕಾಣಿಸಿಕೊಂಡಿತು.

ಮೂಲ ಸಿಕ್ಕ ಮೇಲೆ ಅಧಿಕಾರಿಗಳಿಗೆ ಬರೆಯುವಾಗ "ನೀರು ತುಂಬಾ ಕೆಟ್ಟಿದೆ" ಅಂತ ಬರೆದರೆ ಕಾಗದ ಮೇಜಿನ ಮೇಲೇ ಉಳಿಯಬಹುದು. ಕೊಳವೆಯ ಮೇಲೆ ಇಷ್ಟು, ಕೆಳಗೆ ಇಷ್ಟು ಅಂತ ಎರಡೂ ಅಂಕಿ ಕೊಡಿ. ದಿನಾಂಕ, ಗಂಟೆ, ಬಳಸಿದ ಸಾಧನ, ಮೀಟರನ್ನು ಸರಿಹೊಂದಿಸಿದ ದಿನ ಬರೆಯಿರಿ. ಎರಡು ಟ್ರೇಗಳ ಫೋಟೋ ಅಕ್ಕಪಕ್ಕ ಇಡಿ, ಒಂದರಲ್ಲಿ ಮೇಫ್ಲೈಗಳು, ಇನ್ನೊಂದರಲ್ಲಿ ಬರೀ ಕೆಂಪು ಹುಳುಗಳು. ಜೊತೆಗೆ ಒಂದೇ ಒಂದು ಲ್ಯಾಬ್ ವರದಿ ಸೇರಿಸಿ. ಹಣ ಖರ್ಚು ಮಾಡುವುದಿದ್ದರೆ ಇಲ್ಲಿಗೇ ಮಾಡಿ. ಮನೆಯ ಕಿಟ್ಟಿನ ಅಂಕಿಯನ್ನು ತಳ್ಳಿಹಾಕಬಹುದು, ಮಾನ್ಯತೆ ಇರುವ ಲ್ಯಾಬಿನ ವರದಿಯನ್ನು ತಳ್ಳಿಹಾಕುವುದು ಅಷ್ಟು ಸುಲಭ ಅಲ್ಲ.